ಊದಿದ ಕಣ್ಣಿನ ಡಾಕ್ಟ್ರಮ್ಮ

"ಕಾಣಿ, ನನ್ ಹೆಸರ್ ಹಾಕಿ ಬರದ್ರೆ ನಿಮ್ ಅಂಗ್ಡಿ ಮೆಟ್ಲ್ ಹತ್ತುದಿಲ್ಲ ನಾನ್" ಎಂದು ಡಾಕ್ಟ್ರಮ್ಮ ಫೋನಿನಲ್ಲೇ ಗದರಿಸಿದ್ದಾರೆ. ಹಾಗಾಗಿ ಹೆಸರು ಹಾಕುವುದಿಲ್ಲ. ಹಾಕಬೇಕಾದ ಅಗತ್ಯವೂ ಇಲ್ಲ ಬಿಡಿ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಮನೆಯಲ್ಲಿ ಒಂದು ಮಗುವಿನ ಕಣ್ಣು ಊದಿಕೊಂಡಿತ್ತೋ ಆ ಮನೆಯವರಿಗೆಲ್ಲ ನಾನು ಯಾರ ಸುದ್ದಿ ಹೇಳುತ್ತಿದ್ದೇನೆ ಎಂದು ಎರಡನೇ ಸಾಲಿಗೇ ಗೊತ್ತಾಗುತ್ತದೆ.

ನಾನು ಕೋಟೇಶ್ವರದಿಂದ ಬೀಜಾಡಿಗೆ ಹೋಗುವ ದಾರಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಬಾಯಿ ಸ್ವಲ್ಪ ಜೋರು. ಅದು ನನಗೂ ಗೊತ್ತು, ಊರಿಗೂ ಗೊತ್ತು. ಔಷಧದ ವಿಷಯದಲ್ಲಿ ನನಗೆ ತಿಳಿಯದ್ದು ಇಲ್ಲ ಎಂಬ ಧೈರ್ಯದಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೌಂಟರಿನ ಹಿಂದೆ ನಿಂತವನು. ನನ್ನ ಈ ಧೈರ್ಯಕ್ಕೆ ಎದುರು ನಿಂತು ಮಾತಾಡಿದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬರು ಈ ಡಾಕ್ಟ್ರಮ್ಮ. ಕಳೆದ ತಿಂಗಳು ಅವರು ಕೆಲಸದಿಂದ ನಿವೃತ್ತರಾದರು.

ನೋಡಲಿಕ್ಕೆ ಸಣ್ಣ ಆಳು. ಬಸ್ಸಿನ ಕಂಬಿ ಹಿಡಿಯಲು ತುದಿಗಾಲಲ್ಲಿ ನಿಲ್ಲಬೇಕು, ಅಷ್ಟು. ಹತ್ತಿ ಸೀರೆ, ಕಾಲಿಗೆ ಶಾಲೆ ಮಕ್ಕಳ ಹಾಗೆ ಬಿಳಿ ಕ್ಯಾನ್ವಾಸ್ ಶೂ. ಉಗುರು ಬೆರಳಿನ ತುದಿಗಿಂತ ಒಳಗೆ. ದಿನಕ್ಕೆ ಅದೆಷ್ಟು ಸಲ ಕೈ ತೊಳೆಯುತ್ತಿದ್ದರೋ, ಬೆರಳ ಚರ್ಮವೆಲ್ಲ ಅಗಸರ ಕೈಯ ಹಾಗೆ ಬಿಳಚಿಕೊಂಡಿತ್ತು. ಸ್ವರ ಮಾತ್ರ ಆಳಿಗಿಂತ ದೊಡ್ಡದು. ಮನೆ ಬ್ರಹ್ಮಾವರದಲ್ಲಿ, ಕೆಲಸ ಕುಂದಾಪುರದ ಆಸ್ಪತ್ರೆಯಲ್ಲಿ, ಶನಿವಾರ ಬೈಂದೂರಿನಲ್ಲಿ ಕ್ಯಾಂಪು. ಕಾರು ಇಟ್ಟುಕೊಳ್ಳಲಿಲ್ಲ. ಇಷ್ಟೂ ವರ್ಷ ಹೈವೇಯ ಬಸ್ಸಿನಲ್ಲೇ ಓಡಾಡಿದರು. ಯಾಕೆ ಎಂದು ಕೇಳಿದರೆ, "ಬಸ್ಸಂಗೆ ಸುಮಾರ್ ಮಕ್ಳ್ ಕಾಂಬುಕೆ ಸಿಕ್ಕತ್ ಮರ್ರೆ" ಎನ್ನುತ್ತಿದ್ದರು.

ಅದು ಸುಳ್ಳಲ್ಲ. ಒಂದು ಸಲ ನಾನೂ ಅದೇ ಬಸ್ಸಿನಲ್ಲಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬಳು ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣೀರು ಹಾಕುತ್ತಿದ್ದಳು. ಮಗುವಿನ ಒಂದು ಕಣ್ಣು ಬೋಂಡದ ಹಾಗೆ ಊದಿತ್ತು. ಡಾಕ್ಟ್ರಮ್ಮ ಜನರ ನಡುವೆ ನುಗ್ಗಿ ಹೋಗಿ ಮಗುವಿನ ಎದುರು ಕುಕ್ಕರಗಾಲಲ್ಲಿ ಕುಳಿತರು. ಎರಡು ಬೆರಳಲ್ಲಿ ರೆಪ್ಪೆ ಮೆಲ್ಲಗೆ ಬಿಡಿಸಿದರು. "ತುರ್ಸ್ತಾ, ನೋಯ್ತಾ?" ಎಂದು ಮಗುವನ್ನೇ ಕೇಳಿದರು. ತುರಿಸುತ್ತದೆ ಎಂದಿತು ಮಗು. "ಕಿಟ್ಕಿ ಕಾಣ್. ಈಗ ಡ್ರೈವರನ್ ಕಾಣ್. ಮೇಲ್ ಕಾಣ್." ಮಗು ಎಲ್ಲ ಕಡೆ ನೋಡಿತು. "ಇರುವೆ ಕಚ್ಚದ್ದ್. ನಾಳೆ ಇಳಿತ್ತ್. ಎಂತ ಮದ್ದೂ ಬ್ಯಾಡ, ಮನೆಗ್ ಹೋಯ್ನಿ" ಎಂದು ತಾಯಿಯ ಬೆನ್ನು ತಟ್ಟಿದರು. ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದು ವಾಪಸು ಬಸ್ಸು ಹತ್ತಿದಳು. ಇದನ್ನು ನೋಡಿದ ಕಂಡಕ್ಟರ್, "ಮೇಡಂ, ನನ್ ಮೊಣಗಂಟೂ ನೋಯ್ತ್, ಒಂಚೂರ್ ಕಾಣಿ" ಎಂದ. "ಅಲ್ಲಿ ಕಣ್ಣ್ ಮೂಡ್ರೆ ಬಾ, ಕಾಂತೆ. ಈಗ ಟಿಕೇಟ್ ಕೊಡ್" ಎಂದರು. ಇಡೀ ಬಸ್ಸು ನಕ್ಕಿತು.

ನನಗೂ ಅವರಿಗೂ ಪರಿಚಯವಾದದ್ದು ಜಗಳದಿಂದ. ಒಂದು ಮಳೆಗಾಲ ಊರಿಡೀ ಕೆಂಗಣ್ಣು. ನಾನು ಕಣ್ಣಿನ ಡ್ರಾಪ್ಸಿನ ಬಾಟಲಿಗಳನ್ನು ಕೌಂಟರಿನ ಮೇಲೆಯೇ ಸಾಲಾಗಿ ಇಟ್ಟುಕೊಂಡಿದ್ದೆ. ಕೇಳಿದವರಿಗೆ ಕೇಳಿದ ಹಾಗೆ ಕೊಟ್ಟೆ. ಒಂದು ಸಂಜೆ ಈ ಸಣ್ಣ ಆಳು ಬಸ್ಸಿಳಿದು ನೇರ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಬಾಟಲಿ.

"ಹ್ವಾಯ್ ಮೆಡಿಕಲ್‌ನವ್ರೇ, ಇದನ್ ಸಣ್ ಮಗುಗೆ ಚೀಟಿ ಇಲ್ದೆ ಕೊಟ್ಟದ್ ಯಾರ್?"

"ನಾನೇ. ಎಂತ ಆಯ್ತ್ ಈಗ? ಎಲ್ಲಾ ಅಂಗ್ಡಿಯಂಗೂ ಕೊಡ್ತ್ರಲೆ?" ಎಂದೆ ನಾನು. ನನಗೆ ಅವರು ಯಾರೆಂದು ಗೊತ್ತಿರಲಿಲ್ಲ.

"ಎಲ್ಲಾ ಅಂಗ್ಡಿಗ್ ನಾನ್ ಆಮೇಲ್ ಹೋತೆ. ಮೊದ್ಲ್ ನಿಮ್ಮಲ್ಲಿಗ್ ಬಂದೆ" ಎಂದು ಸ್ಟೂಲು ಎಳೆದು ಕುಳಿತೇಬಿಟ್ಟರು. ಆ ಬಾಟಲಿ ಕೊಂಡುಹೋದ ಮಗುವಿಗೆ ಕೆಂಗಣ್ಣೇ ಆಗಿರಲಿಲ್ಲ. ಭತ್ತದ ಉಮಿ ತಾಗಿ ಕಣ್ಣಿನ ಕರಿಗುಡ್ಡೆ ಗೀರಿತ್ತು. ನಾನು ಕೊಟ್ಟ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಅದು ಕೆಂಪನ್ನು ಒಂದು ದಿನಕ್ಕೆ ಇಳಿಸಿ ಒಳಗಿನ ಹುಣ್ಣನ್ನು ಬೆಳೆಸಿತ್ತು. ಮಗುವಿನ ಕಣ್ಣು ಸರಿ ಮಾಡಲಿಕ್ಕೆ ಅವರಿಗೆ ಮೂರು ವಾರ ಹಿಡಿದಿತ್ತು. ಇಷ್ಟನ್ನೂ ಅಂಗಡಿ ತುಂಬ ಜನ ನಿಂತಿರುವಾಗ ದೊಡ್ಡ ಸ್ವರದಲ್ಲಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಹೇಳಿದ್ದು ಸರಿಯಿತ್ತು. ಕೊನೆಗೆ, ಇನ್ನು ಮೇಲೆ ಚೀಟಿ ಇಲ್ಲದೆ ಮಕ್ಕಳ ಕಣ್ಣಿಗೆ ಡ್ರಾಪ್ಸೂ ಇಲ್ಲ, ಆ್ಯಂಟಿಬಯೋಟಿಕ್ಕೂ ಇಲ್ಲ ಎಂದು ಮಾತು ಕೊಟ್ಟೆ. ಗಿರಾಕಿಗಳ ವಿಷಯದಲ್ಲಿ ಆ ಮಾತನ್ನು ನಾನು ಒಂದು ದಿನವೂ ಮುರಿಯಲಿಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅಲ್ಲಿಂದ ಮೇಲೆ ನಾವು ಒಂದು ರೀತಿಯ ಸ್ನೇಹಿತರಾದೆವು. ಬಸ್ಸಿಗೆ ಹೊತ್ತಿದ್ದರೆ ಅಂಗಡಿಗೆ ಬಂದು ಅದೇ ಸ್ಟೂಲಿನಲ್ಲಿ ಕೂರುತ್ತಿದ್ದರು. ಅವರು ಬೈಯುವುದರಲ್ಲಿ ಒಂದು ಲೆಕ್ಕ ಇತ್ತು. ಗೊತ್ತಿಲ್ಲದೆ ಮಾಡಿದವರಿಗೆ ಬೈಯುತ್ತಿರಲಿಲ್ಲ, ಗೊತ್ತಿದ್ದೂ ಮಾಡಿದವರ ಚರ್ಮ ಸುಲಿಯುತ್ತಿದ್ದರು. ಅಮಾಸೆಬೈಲಿನ ಒಬ್ಬ ಅಜ್ಜ ಮೊಮ್ಮಗನ ಕಣ್ಣಿಗೆ ನಂದಿಬಟ್ಟಲ ಹೂವಿನ ರಸ ಬಿಟ್ಟು ಕರೆದುಕೊಂಡು ಬಂದಿದ್ದನಂತೆ. "ಅಜ್ಜಾ, ಹೂ ದೇವ್ರಿಗ್ ಹಾಕಿ, ಕಣ್ಣ್ ನಂಗ್ ಬಿಡಿ" ಎಂದು ಅಷ್ಟಕ್ಕೇ ಮುಗಿಸಿದರು. ಅದೇ ವಾರ ಕಾಲೇಜಿನ ಮೇಷ್ಟ್ರೊಬ್ಬರು ಇಂಟರ್‌ನೆಟ್ಟಿನಲ್ಲಿ ಓದಿ ಮಗಳ ರೆಪ್ಪೆಯ ಕುರುವನ್ನು ಸೂಜಿಯಿಂದ ಚುಚ್ಚಿ, ಆಮೇಲೆ ಕರೆತಂದರು. ಆ ಮೇಷ್ಟ್ರು ಹೊರಗೆ ಬರುವಾಗ ಬೆವರು ಒರೆಸಿಕೊಳ್ಳುತ್ತಿದ್ದರು ಎಂದು ನರ್ಸುಗಳು ಇವತ್ತಿಗೂ ಹೇಳುತ್ತಾರೆ.

ನಮ್ಮ ಕಡೆ ಎಲ್ಲಿ ಊದಿದರೂ ರಕ್ತಚಂದನ ತೇಯ್ದು ಹಚ್ಚುವುದು ಅಭ್ಯಾಸ. ಕಾಲು ಉಳುಕಿದರೂ ಅದೇ, ಕೆನ್ನೆ ಊದಿದರೂ ಅದೇ. ಕಣ್ಣು ಊದಿದ ಮಗುವಿಗೂ ಹುಬ್ಬಿನಿಂದ ಕೆನ್ನೆಯವರೆಗೆ ದಪ್ಪಗೆ ಬಳಿದು ಕರೆತರುತ್ತಾರೆ. ಚಂದನ ಕೆಂಪು, ಸೋಂಕೂ ಕೆಂಪು. ಯಾವುದು ಮದ್ದಿನ ಬಣ್ಣ, ಯಾವುದು ರೋಗದ ಬಣ್ಣ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಅದಕ್ಕೇ ಡಾಕ್ಟ್ರಮ್ಮನ ಮೇಜಿನ ಪಕ್ಕದಲ್ಲಿ ಒಂದು ಸ್ಟೀಲಿನ ಬೋಗುಣಿ, ಒಂದು ರಾಶಿ ಹತ್ತಿ. ಯಾವ ಮಗು ಬಂದರೂ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆಸಬೇಕು. ನರ್ಸಿಗೆ ಬಿಡುತ್ತಿರಲಿಲ್ಲ, ತಾವೇ ತೊಳೆಯುತ್ತಿದ್ದರು. ತೊಳೆಯುತ್ತ ತೊಳೆಯುತ್ತ ಮಗುವಿನ ಹತ್ತಿರ ಮಾತು. ಬೆಕ್ಕಿನ ಸುದ್ದಿ, ಶಾಲೆಯ ಸುದ್ದಿ, ನಿನ್ನೆ ಊಟಕ್ಕೆ ಯಾವ ಮೀನು ಎಂಬ ಸುದ್ದಿ.

ಮಗನನ್ನು ಕರೆತಂದ ತ್ರಾಸಿಯ ಮೀನು ಮಾರುವ ಹೆಂಗಸೊಬ್ಬಳಿಗೆ ಡಾಕ್ಟ್ರಮ್ಮ ಒಮ್ಮೆ ವಿವರಿಸುತ್ತಿದ್ದರು. ನಾನು ಔಷಧದ ಪೆಟ್ಟಿಗೆ ಕೊಡಲಿಕ್ಕೆ ಹೋದವನು ಬಾಗಿಲಲ್ಲೇ ನಿಂತು ಕೇಳಿದೆ. "ಕಾಣಿ ಅಮ್ಮಾ, ರೆಪ್ಪಿ ಹಿಂದ್ ಒಂದ್ ತೆಳು ಪರ್ದೆ ಇರತ್. ಪರ್ದೆಯಿಂದ ಹೊರಗಿಂದ್ ಸೋಂಕ್ ಅಂದ್ರೆ ಜಗ್ಲಿಯಂಗ್ ಬೆಂಕಿ ಬಿದ್ದಂಗೆ. ನೀರ್ ಹೊಯ್ದ್ರೆ ಆರತ್. ಪರ್ದೆ ದಾಟಿ ಕಣ್ಣಿನ ಗೂಡಿಗ್ ಹೊಕ್ರೆ ಒಳಗಿನ ಕೋಣಿಯಂಗ್ ಬೆಂಕಿ ಬಿದ್ದಂಗೆ. ಹೊರಗಿಂದ ಕಾಂಬುಕೆ ಎರ್ಡೂ ಒಂದೇ ನಮೂನಿ." ಆ ಹೆಂಗಸು, "ಹಂಗಾರೆ ಒಳಗಿಂದ್ ಅಂದೇಳಿ ಗೊತ್ತಾಪ್ದ್ ಹ್ಯಾಂಗೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನನಗೇ ಹೊಳೆದಿರಲಿಲ್ಲ. "ಒಳಗಿಂದ್ ಆರೆ ಕಣ್ಣ್ ತಿರ್ಗುದಿಲ್ಲ, ತಿರ್ಗ್ಸ್ರೆ ನೋಯ್ತ್, ಕಣ್ಣ್ ಮುಂದ್ ಬತ್ತ್, ಕಾಂಬ ಬಣ್ಣ ಮಾಸತ್. ಊದದ್ದನ್ ಕಂಡ್ ಹೆದ್ರುದ್ ಬ್ಯಾಡ. ತಿರ್ಗುದನ್ ಕಾಣ್ಕ್" ಎಂದರು. ಆ ಹೆಂಗಸಿನ ಮಗನಿಗೆ ಜಗಲಿಯ ಬೆಂಕಿಯೇ ಆಗಿತ್ತು. ವಾರದಲ್ಲಿ ವಾಸಿಯಾಗಿ ಶಾಲೆಗೆ ಹೋದ.

ಈಗ ನನ್ನ ಮನೆಯ ಕಥೆ ಹೇಳಬೇಕು. ಹೇಳದಿದ್ದರೆ ಇದನ್ನು ಬರೆದು ಪ್ರಯೋಜನವಿಲ್ಲ.

ನನ್ನ ಮಗಳಿಗೆ ಆಗ ಆರು ವರ್ಷ. ಒಬ್ಬಳೇ ಮಗಳು. ಹತ್ತು ದಿನದಿಂದ ಶೀತ, ಮೂಗಲ್ಲಿ ದಪ್ಪ ಸಿಂಬಳ. ಒಂದು ಶನಿವಾರ ಬೆಳಿಗ್ಗೆ ಏಳುವಾಗ ಎಡಗಣ್ಣಿನ ರೆಪ್ಪೆ ಊದಿತ್ತು, ಸ್ವಲ್ಪ ಜ್ವರ. ಹೆಂಡತಿ, "ಡಾಕ್ಟ್ರಮ್ಮನತ್ರ ಹೋಪ" ಎಂದಳು. "ಅವ್ರ್ ಇವತ್ ಬೈಂದೂರಂಗ್ ಇರ್ತ್ರ್. ನಾನ್ ಎಂತಕ್ ಇಪ್ದ್?" ಎಂದು ನಾನೇ ಔಷಧ ತೆಗೆದೆ. ಗುಲಾಬಿ ಬಣ್ಣದ ಆ್ಯಂಟಿಬಯೋಟಿಕ್ ಸಿರಪ್, ಜ್ವರದ ಮದ್ದು. ಮಗಳಿಗೆ ಹೊಟ್ಟೆ ಕೆಟ್ಟೀತು ಎಂದು ಸಿರಪ್ಪಿನ ಅಳತೆಯನ್ನು ನಾನೇ ಇಳಿಸಿದೆ. ಗಿರಾಕಿ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ. ನಮ್ಮ ಮನೆಯಲ್ಲೇ ಇದ್ದ ಅತ್ತೆ ತಮ್ಮ ಪಾಲಿಗೆ ರಕ್ತಚಂದನ ತೇಯ್ದು ಹಚ್ಚಿದರು. ಭಾನುವಾರ ಜ್ವರ ಇಳಿಯಿತು, ಊತವೂ ಒಂದು ಚೂರು ಇಳಿದ ಹಾಗೆ ಕಂಡಿತು. ನಾನು ಮೀಸೆಯ ಮೇಲೆ ಕೈಹಾಕಿದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕಣ್ಣು ಪೂರ್ತಿ ಮುಚ್ಚಿಹೋಯಿತು. ಮಗಳು ಊಟ ಬಿಟ್ಟಳು, ಮಾತು ಬಿಟ್ಟಳು. ಸಂಜೆ ನಾನು, ಹೆಂಡತಿ, ಅತ್ತೆ ಅವಳನ್ನು ಎತ್ತಿಕೊಂಡು ಕುಂದಾಪುರಕ್ಕೆ ಓಡಿದೆವು.

ಡಾಕ್ಟ್ರಮ್ಮ ಮಗಳ ಚಂದನ ಬಳಿದ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ಮೆಡಿಕಲ್‌ನವ್ರೇ, ಹೆಣ್ಣಿಗ್ ಎಂತ ಮದ್ದ್ ಕೊಟ್ರಿ?"

"ಎಂತದೂ ಕೊಡ್ಲಿಲ್ಲೆ" ಎಂದೆ.

ಬಾಯಿಂದ ತಾನಾಗಿ ಬಂದುಬಿಟ್ಟಿತು. ಕೊಟ್ಟ ಮಾತು ನೆನಪಾಗಿತ್ತು. ಗೊತ್ತಿದ್ದೂ ಮಾಡಿದವರ ಚರ್ಮ ಸುಲಿಯುತ್ತಾರೆ ಎಂಬುದೂ ನೆನಪಾಗಿತ್ತು. ಹೆಂಡತಿ ನನ್ನನ್ನೇ ನೋಡಿದಳು, ತನ್ನಮ್ಮನ ಎದುರು ಗಂಡನನ್ನು ಸುಳ್ಳನನ್ನಾಗಿ ಮಾಡಲಾರದೆ ಮಗಳ ತಲೆ ನೇವರಿಸತೊಡಗಿದಳು. "ಜ್ವರದ್ ಮದ್ದ್ ಮಾತ್ರ" ಎಂದು ನಾನೇ ಬಾಲ ಸೇರಿಸಿದೆ. ಎರಡು ದಿನ ಔಷಧ ಕೊಟ್ಟೂ ಹೆಚ್ಚಾದ ಸೋಂಕು ಬೇರೆ, ಏನೂ ಕೊಡದೆ ಹೆಚ್ಚಾದ ಸೋಂಕು ಬೇರೆ. ಮೊದಲನೆಯದು ಹಟದ್ದು, ಬೇಗ ಒಳಗೆ ನುಗ್ಗುವಂಥದ್ದು. ಇದು ನನ್ನಂಥ ಔಷಧದವನಿಗೆ ಗೊತ್ತಿಲ್ಲದ ವಿಷಯವೇ? ಗೊತ್ತಿತ್ತು. ಆದರೂ ಹೇಳಲಿಲ್ಲ. ಮಗಳ ಕಣ್ಣಿಗಿಂತ ನನ್ನ ಮುಖ ದೊಡ್ಡದಾಯಿತು. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಅವರು ಮತ್ತೆ ಕೇಳಲಿಲ್ಲ. "ಮೂರೂ ಜನ ಹೋಯಿ ಕ್ಯಾಂಟೀನಿಂದ ಬಿಸ್ನೀರ್ ತನ್ನಿ" ಎಂದು ನಮ್ಮನ್ನು ಹೊರಗೆ ಕಳಿಸಿದರು. ಒಂದು ಫ್ಲಾಸ್ಕ್ ನೀರಿಗೆ ಮೂರು ಜನ ಯಾಕೆ ಎಂದು ನಾನು ಗೊಣಗಿದೆ. ನಾವು ಬರುವಾಗ ಮಗಳ ಮುಖ ತೊಳೆದಾಗಿತ್ತು. ಡಾಕ್ಟ್ರಮ್ಮ ಬೆರಳಲ್ಲಿ ರೆಪ್ಪೆ ಬಿಡಿಸಿ ಟಾರ್ಚನ್ನು ಅತ್ತ ಇತ್ತ ಆಡಿಸುತ್ತಿದ್ದರು. ಕಣ್ಣು ತಿರುಗುತ್ತಿತ್ತು. ಮೇಲೆ ನೋಡುವಾಗ ಮಾತ್ರ ಮಗಳು ಮುಖ ಕಿವುಚಿದಳು. ಆಮೇಲೆ ಡ್ರಾಪ್ಸಿನ ಬಾಟಲಿಯ ಕೆಂಪು ಮುಚ್ಚಳ ತೋರಿಸಿ ಒಂದೊಂದೇ ಕಣ್ಣಲ್ಲಿ ನೋಡಿಸಿದರು. ಎರಡರಲ್ಲೂ ಒಂದೇ ಕೆಂಪು ಎಂದಳು ಮಗಳು. "ಅಡ್ಮಿಟ್ ಮಾಡುವ. ಈಗ್ಳೇ ಇಂಜೆಕ್ಷನ್ ಶುರು. ಬೆಳಿಗ್ಗಿಗ್ ಇಳಿಯದಿದ್ರೆ ದೊಡ್ಡಾಸ್ಪತ್ರಿಗ್ ಸ್ಕ್ಯಾನಿಗ್ ಹೋಪುದೇ" ಎಂದರು. ಚೀಟಿ ನೋಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಜೋರಿನ ಇಂಜೆಕ್ಷನ್, ಅದೂ ಎರಡು ಬಗೆ. ಅವರ ಲೆಕ್ಕದಲ್ಲಿ ಏನೂ ಔಷಧ ತೆಗೆದುಕೊಳ್ಳದ ಮಗುವಿಗೆ ಮೊದಲ ದಿನವೇ ಇಷ್ಟು ಯಾಕೆ ಎನಿಸಿತು. ಈ ಡಾಕ್ಟ್ರಮ್ಮ ಹೆದರಿದ್ದಾರೆ ಎಂದುಕೊಂಡೆ. ನೋಡಿ ನನ್ನ ಬುದ್ಧಿ.

ಬೆಳಿಗ್ಗೆ ಬೇಗ ಅವರು ವಾರ್ಡಿಗೆ ಬಂದರು. ಮತ್ತೆ ಟಾರ್ಚು. ಈ ಸಲ ಎಡಗಣ್ಣು ಮೇಲೆ ಹೋಗಲೇ ಇಲ್ಲ. ಮತ್ತೆ ಕೆಂಪು ಮುಚ್ಚಳ. ಬಲಗಣ್ಣಲ್ಲಿ ನೋಡಿದ ಮಗಳು ಕೆಂಪು ಎಂದಳು. ಎಡಗಣ್ಣಲ್ಲಿ ನೋಡಿ, "ಈ ಕಣ್ಣಂಗೆ ಮುಚ್ಚಳ ಹಳ್ತ್ ಆಯ್ತ್" ಎಂದಳು.

ಹೆಂಡತಿಗೆ ಅರ್ಥವಾಗಿರಲಿಲ್ಲ, ನನಗೆ ಅರ್ಥವಾಗಿತ್ತು. ಬಣ್ಣ ಮಾಸಿದರೆ ಒಳಗಿನ ಬೆಂಕಿ ಎಂದು ಡಾಕ್ಟ್ರಮ್ಮ ತ್ರಾಸಿಯ ಆ ಹೆಂಗಸಿಗೆ ಹೇಳಿದಾಗ ನಾನು ಬಾಗಿಲಲ್ಲೇ ಇದ್ದೆನಲ್ಲ. ಡಾಕ್ಟ್ರಮ್ಮ ಸರಸರನೆ ಹೊರಗೆ ನಡೆದರು. ನಾನು ಹಿಂದೆಯೇ ಓಡಿ ವರಾಂಡದಲ್ಲಿ ಅಡ್ಡ ನಿಂತೆ.

"ಡಾಕ್ಟ್ರೆ, ನಾನ್ ನಿನ್ನೆ ಸುಳ್ಳ್ ಹೇಳ್ದೆ. ಶನಿವಾರದಿಂದ ಆ್ಯಂಟಿಬಯೋಟಿಕ್ ಕೊಟ್ಟಿದ್ದೆ. ಡೋಸೂ ಕಮ್ಮಿ ಮಾಡಿದ್ದೆ. ನಿಮ್ಗ್ ಹೆದ್ರಿ ಹೇಳ್ಲಿಲ್ಲೆ." ಕೈ ಮುಗಿದುಕೊಂಡು ಅತ್ತುಬಿಟ್ಟೆ. ಅಷ್ಟು ಜನರ ಎದುರು ಅತ್ತದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಚರ್ಮ ಸುಲಿಯುತ್ತಾರೆ ಎಂದು ಕಾದೆ. ಅವರು ಬಿಳಿ ಕೋಟಿನ ಕಿಸೆಯಿಂದ ಪೆನ್ನು ತೆಗೆದರು. "ಯಾವ್ ಸಿರಪ್? ಎಷ್ಟ್ ಎಂಎಲ್? ದಿನಕ್ ಎಷ್ಟ್ ಸಲ? ಕಡಿಗ್ ಕೊಟ್ಟದ್ ಎಷ್ಟ್ ಗಂಟಿಗೆ?" ಒಂದೊಂದಾಗಿ ಕೇಳಿ ನನ್ನ ಎದುರೇ ಬರೆದುಕೊಂಡರು. ಬರೆದಾದ ಮೇಲೆ ನನ್ನ ಭುಜ ಮುಟ್ಟಿ, "ಹೇಳಿದ್ದ್ ಒಳ್ಳೇದಾಯ್ತ್" ಎಂದರು. ಅಷ್ಟೇ. ಹತ್ತು ನಿಮಿಷದಲ್ಲಿ ದೊಡ್ಡಾಸ್ಪತ್ರೆಗೆ ಪತ್ರ ಸಿದ್ಧ, ಬಾಗಿಲಲ್ಲಿ ಆ್ಯಂಬುಲೆನ್ಸ್ ಸಿದ್ಧ. ಅಲ್ಲಿನ ಡಾಕ್ಟರರಿಗೆ ಫೋನೂ ಹೋಗಿತ್ತು. ನಾನು ಬಾಯಿಬಿಟ್ಟ ಕೂಡಲೇ ಎಷ್ಟು ಬೇಗ ಎಲ್ಲ ಮಾಡಿದರು ಎಂದು ದಾರಿಯುದ್ದಕ್ಕೂ ಅವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಸ್ಕ್ಯಾನಿನಲ್ಲಿ ಗೊತ್ತಾಯಿತು. ಮೂಗಿನ ಪಕ್ಕದ ಎಲುಬಿನ ಪೊಳ್ಳಿನಲ್ಲಿದ್ದ ಶೀತದ ಕೀವು ಕಾಗದದಷ್ಟು ತೆಳುವಾದ ಎಲುಬು ದಾಟಿ ಕಣ್ಣಿನ ಗೂಡಿನಲ್ಲಿ ಸೇರಿಕೊಂಡಿತ್ತು. ಅದು ಕಣ್ಣಿನ ನರವನ್ನು ಇನ್ನಷ್ಟು ಒತ್ತುವ ಮೊದಲೇ ತೆಗೆಯಬೇಕು ಎಂದರು. ಅದೇ ದಿನ ಮಧ್ಯಾಹ್ನ ಮೂಗಿನ ಒಳಗಿನಿಂದಲೇ ಆಪರೇಷನ್ ಮಾಡಿ ಕೀವು ತೆಗೆದರು. ಮುಖದ ಮೇಲೆ ಒಂದು ಗೀರೂ ಬೀಳಲಿಲ್ಲ. ಮತ್ತೆ ಎರಡು ವಾರ ಇಂಜೆಕ್ಷನ್. ಎರಡನೇ ಭಾನುವಾರ ಡಾಕ್ಟ್ರಮ್ಮ ಬಸ್ಸು ಹಿಡಿದು ಅಲ್ಲಿಗೂ ಬಂದರು, ಕೈಚೀಲದಲ್ಲಿ ಮುಸುಂಬಿ. ಮಗಳ ಹಾಸಿಗೆಯ ತುದಿಯಲ್ಲಿ ಕುಳಿತು ಟಾರ್ಚು ಆಡಿಸಿದರು. ಎಡಗಣ್ಣು ಮೇಲೆ ಹೋಯಿತು, ಕೆಳಗೆ ಬಂತು, ಎಲ್ಲ ಕಡೆ ತಿರುಗಿತು. "ಸಾಕ್, ಮನೆಗ್ ಹೋಯಿ ಗಲಾಟಿ ಮಾಡ್" ಎಂದರು.

ಆವತ್ತಿನಿಂದ ನನ್ನ ಬಾಯಿಗೆ ಹೊಸ ಶಕ್ತಿ ಬಂತು ಎನ್ನಬೇಕು. ಕಣ್ಣಿನ ಮದ್ದು ಕೇಳಿಕೊಂಡು ಬಂದ ಅಪ್ಪ ಅಮ್ಮಂದಿರಿಗೆಲ್ಲ ಕೌಂಟರಿನಲ್ಲಿ ನಿಲ್ಲಿಸಿ ಇದೇ ಭಾಷಣ. ಡಾಕ್ಟರರ ಹತ್ತಿರ ಏನೂ ಮುಚ್ಚಿಡಬೇಡಿ, ನಾನು ಸತ್ಯ ಹೇಳಿದ್ದರಿಂದ ನನ್ನ ಮಗಳ ಕಣ್ಣು ಉಳಿಯಿತು, ಒಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು. ಹೆಂಡತಿಗೆ ಕೇಳಿ ಕೇಳಿ ಬೇಸರ ಬಂದಿತ್ತು. ನನಗೆ ಬರಲಿಲ್ಲ. ಸುಳ್ಳು ಹೇಳಿದ ನಾಚಿಕೆಯನ್ನು ಸತ್ಯ ಹೇಳಿದ ಹೆಮ್ಮೆಯಿಂದ ಮುಚ್ಚಿಕೊಂಡು ಇಷ್ಟು ವರ್ಷ ಎದೆಯೆತ್ತಿ ನಡೆದೆ.

ಕಳೆದ ತಿಂಗಳು ಅವರ ಬೀಳ್ಕೊಡುಗೆಗೆ ಆಸ್ಪತ್ರೆಯ ಮೇಲಿನ ಹಾಲಿನಲ್ಲಿ ಒಂದು ಸಣ್ಣ ಸಭೆ ಇತ್ತು. ನನ್ನನ್ನೂ ಮಾತಾಡಲಿಕ್ಕೆ ಕರೆದರು. ಕರೆಯದಿದ್ದರೂ ನಾನು ಹೋಗಿ ಮೈಕು ಹಿಡಿಯುವವನೇ. ಪೂರ್ತಿ ಕಥೆ ಹೇಳಿದೆ, ನನ್ನ ಸುಳ್ಳನ್ನೂ ಬಿಡಲಿಲ್ಲ. "ಆ ಬೆಳಿಗ್ಗೆ ನಾನು ಸತ್ಯ ಹೇಳಿದೆ, ಇವರು ಅದನ್ನು ಕೇಳಿ ನನ್ನ ಮಗಳ ಕಣ್ಣು ಉಳಿಸಿದರು" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಡಾಕ್ಟ್ರಮ್ಮ ತಲೆ ಬಗ್ಗಿಸಿ ನಗುತ್ತಿದ್ದರು. ಸಂಕೋಚದ ನಗು ಎಂದುಕೊಂಡೆ.

ವಾಪಸು ಬರುವಾಗ ಮಗಳು ಕಾರಿನಲ್ಲಿ ನನ್ನ ಪಕ್ಕ ಕುಳಿತಿದ್ದಳು. ಈಗ ಅವಳು ಕುಂದಾಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಹಂಗಳೂರು ದಾಟುವಾಗ, "ಅಪ್ಪಯ್ಯ, ಒಂದ್ ಹೇಳುದಾ? ಬೇಜಾರ್ ಮಾಡುಕಾಗ" ಎಂದಳು.

"ಹೇಳ್."

"ನೀವ್ ಹೇಳುಕ್ ಮುಂಚೆಯೇ ಡಾಕ್ಟ್ರಮ್ಮಂಗ್ ಗೊತ್ತಿತ್ತ್."

"ಎಂತದ್ ಗೊತ್ತಿತ್ತ್?"

"ಗುಲಾಬಿ ಮದ್ದ್. ಸೋಮವಾರ ಸಂಜಿ ನಿಮ್ಮನ್ನೆಲ್ಲ ಬಿಸ್ನೀರಿಗ್ ಕಳ್ಸಿದ್ರಲೆ, ಆಗ ಮುಖ ತೊಳಿತಾ ನನ್ನತ್ರ ಕೇಂಡ್ರ್. ನಾನ್ ಹೇಳ್ದೆ, ಅಪ್ಪಯ್ಯ ಎರ್ಡ್ ದಿನ ಗುಲಾಬಿ ಮದ್ದ್ ಕೊಟ್ರ್ ಅಂದೇಳಿ. ಆಗ್ಳೇ ಕೂತ್ ಚೀಟಿ ಬರದ್ರ್. ಇದ್ ದೊಡ್ಡಾಸ್ಪತ್ರಿಗ್, ಬೇಕಾರೆ ಅಂದೇಳಿ ಒಂದ್ ಪತ್ರವೂ ಆಗ್ಳೇ ಬರ್ದ್ ಡ್ರಾಯರಂಗ್ ಇಟ್ಟಿದ್ರ್. ನಾನ್ ಕಂಡಿದ್ದೆ."

ನಾನು ಕಾರನ್ನು ಸರ್ವಿಸ್ ರಸ್ತೆಯ ಬದಿಗೆ ಹಾಕಿದೆ. ಜೋರಿನ ಇಂಜೆಕ್ಷನ್ನು, ಎರಡು ಬಗೆ, ಹತ್ತು ನಿಮಿಷದ ಪತ್ರ, ಬಾಗಿಲಿಗೆ ಬಂದು ನಿಂತ ಆ್ಯಂಬುಲೆನ್ಸ್. ಎಲ್ಲವೂ ನನ್ನ ಸತ್ಯಕ್ಕಿಂತ ಒಂದು ರಾತ್ರಿ ಮುಂಚೆಯೇ ತಯಾರಾಗಿತ್ತು. ನನ್ನ ಮಗಳ ಕಣ್ಣು ಉಳಿದದ್ದು ಆರು ವರ್ಷದ ನನ್ನ ಮಗಳಿಂದ.

"ಇಷ್ಟ್ ವರ್ಷ ಎಂತಕ್ ಹೇಳ್ಲಿಲ್ಲ ಹೆಣ್ಣೆ?"

"ಡಾಕ್ಟ್ರಮ್ಮ ಹೇಳಿದ್ರ್, ಅಪ್ಪಯ್ಯ ತಾವೇ ಹೇಳ್ತ್ರ್, ನೀ ಹೇಳ್ಬ್ಯಾಡ ಅಂದೇಳಿ."

ಹಿಂದಿನ ಸೀಟಿನಿಂದ ಹೆಂಡತಿ, "ಗಾಡಿ ತಿರ್ಗ್ಸಿ" ಎಂದಳು. ತಿರುಗಿಸಿದೆ.

ಡಾಕ್ಟ್ರಮ್ಮ ಆಸ್ಪತ್ರೆಯವರು ಕೊಟ್ಟ ಕಾರನ್ನು ಬೇಡವೆಂದು ಹೂವಿನ ಹಾರವನ್ನು ಕೈಚೀಲಕ್ಕೆ ತುರುಕಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದರು. ನಾನು ಇಳಿದು ಹೋಗಿ ಎದುರು ನಿಂತೆ. ನನ್ನ ಹಿಂದೆ ಮಗಳು ನಿಂತದ್ದನ್ನು ನೋಡಿ ಅವರಿಗೇ ಅರ್ಥವಾಯಿತು.

"ಹೇಳಿತಾ ಹೆಣ್ಣ್?" ಎಂದು ನಕ್ಕರು.

"ಡಾಕ್ಟ್ರೆ, ಎಲ್ಲ ಗೊತ್ತಿದ್ದೂ ಆವತ್ ನನ್ನತ್ರ ಎಂತಕ್ ಹೊಸ್ತಂಗೆ ಕೇಂಡ್ ಬರ್ಕಂಡ್ರಿ?"

ಬ್ರಹ್ಮಾವರದ ಬಸ್ಸು ಬಂತು. ಅವರು ಮೆಟ್ಟಿಲಿಗೆ ಒಂದು ಕಾಲಿಟ್ಟು ತಿರುಗಿದರು.

"ಕಣ್ಣಿಗ್ ಮದ್ದ್ ನನ್ನತ್ರ ಇತ್ತ್ ಮರ್ರೆ. ಆ ಹೆಣ್ಣಿಗ್ ಸತ್ಯ ಹೇಳುವ ಅಪ್ಪಯ್ಯನೂ ಬೇಕಿತ್ತ್, ಅದನ್ ನಾನ್ ಎಲ್ಲಿಂದ ತರುದ್? ನೀವೇ ಕೊಟ್ರಿ. ಒಂದ್ ರಾತ್ರಿ ತಡ ಆಯ್ತ್, ಅಷ್ಟೆ."